ಕಾಯ್ದ ಕಬ್ಬಿಣದ ಅಳತೆ

ಫೇಲಾದ ತುಂಡನ್ನು ಅದನ್ನು ಮಾಡಿದವರೇ ಕೊಯ್ಯಬೇಕು. ಕುರ್ಲಾದಲ್ಲಿರುವ ನಮ್ಮ ತರಬೇತಿ ಕೇಂದ್ರದ ಪದ್ಧತಿ ಇದು. ಅಂಗೈಯಗಲದ ಕಬ್ಬಿಣದ ತುಂಡನ್ನು ಅರದಿಂದ ಗಂಟೆಗಟ್ಟಲೆ ಉಜ್ಜಿ, ನುಣುಪು ಮಾಡಿ, ಮೂಲೆ ಕೂಡಿಸಿ ತಂದ ಮೇಲೆ ಅದು ಅಳತೆಗೆ ಬರಲಿಲ್ಲ ಎಂದರೆ, ಮತ್ತೆ ಮೇಜಿನ ಇಕ್ಕಳದಂಥ ವೈಸಿಗೆ ಸಿಗಿಸಿ, ಹ್ಯಾಕ್ಸಾ ಗರಗಸ ಹಿಡಿದು, ಎರಡು ಹೋಳು ಮಾಡಿ ಭಂಗಾರದ, ಅಂದರೆ ಗುಜರಿಯ, ಡಬ್ಬಕ್ಕೆ ಎಸೆಯಬೇಕು. ಒಬ್ಬರ ತುಂಡನ್ನು ಇನ್ನೊಬ್ಬರು ತಿದ್ದಿ ತಮ್ಮದೆಂದು ತಂದು ತೋರಿಸಬಾರದಲ್ಲ, ಅದಕ್ಕೆ. ಕಾರಣವೇನೋ ಸರಿಯಾದದ್ದೇ. ಆದರೆ ಕೊಯ್ಯುವವರ ಮುಖ ನೋಡುತ್ತ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದರಲ್ಲಿ ಒಂದು ರುಚಿ ಇದೆ. ಆ ರುಚಿ ನನಗೆ ಹತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಆಗ ನನಗೆ ಇಪ್ಪತ್ತಾರು ವರ್ಷ. ಅಪ್ಪ ಧಾರವಾಡ ಬಿಟ್ಟು ಬಂದು ಇಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಹುಟ್ಟಿ ಬೆಳೆದದ್ದು ಕುರ್ಲಾದ ಚಾಳಿನಲ್ಲೇ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಆ ಕೇಂದ್ರಕ್ಕೆ ಫಿಟ್ಟರ್ ಕೆಲಸ ಕಲಿಸಲು ಸೇರಿದ ಮೊದಲ ಹೆಂಗಸು ನಾನೇ. ಹಾಗಾಗಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರಾದರೂ ಒಂದು ಮಾತು ಆಡಿದರೆ ಹತ್ತು ಆಡಿ ಬಾಯಿ ಮುಚ್ಚಿಸಿಬಿಡುತ್ತಿದ್ದೆ. "ಕಬ್ಬಣ ಉಜ್ಜೂದು ಆಮ್ಯಾಲ, ಮೊದಲ ನಿನ್ನ ನಾಲಿಗಿ ಮ್ಯಾಲ ಅರ ಆಡ್ಸು. ಭಾಳ ಚೂಪಾಗೇತಿ," ಎನ್ನುತ್ತಿದ್ದಳು ಅವ್ವ.

ನಮ್ಮದು ಅರ್ಧ ಶಾಲೆ, ಅರ್ಧ ಕಾರ್ಖಾನೆಯ ಶಿಕ್ಷಣ. ವಿದ್ಯಾರ್ಥಿಗಳಿಗೆ ವಾರಕ್ಕೆ ಐದು ದಿನ ವಿಕ್ರೋಳಿಯ ಒಂದು ಗಲ್ಲಿಯಲ್ಲಿದ್ದ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ನಮ್ಮಲ್ಲಿ ಪಾಠ. ಕಾರ್ಖಾನೆಯವರದೊಂದು ಸಹಿ, ನಮ್ಮದೊಂದು ಸಹಿ. ಎರಡೂ ಬಿದ್ದರೆ ಸರ್ಟಿಫಿಕೇಟು. ಕಲಿಸುವವರ ಕೈಗೂ ತುಕ್ಕು ಹಿಡಿಯಬಾರದೆಂದು ನಾವು ಶಿಕ್ಷಕರು ಪ್ರತಿ ಬುಧವಾರ ಅದೇ ಕಾರ್ಖಾನೆಗೆ ಹೋಗಿ ಮೇಜಿನ ಮುಂದೆ ನಿಂತು ಕೆಲಸ ಮಾಡಬೇಕಿತ್ತು. ನನ್ನನ್ನು ಒಪ್ಪಿಸಿದ್ದು ಕಾಕಾ ಅವರ ಕೈಗೆ.

ಕಾಕಾ ಎಂದರೆ ಚಿಕ್ಕಪ್ಪ, ಆದರೆ ನನ್ನ ಸಂಬಂಧಿಕರಲ್ಲ. ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ವಿಜಯಪುರದ ಕಡೆಯವರು, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು, ಹದಿನೆಂಟು ವರ್ಷದಿಂದ ಅದೇ ಮೇಜಿನ ಮುಂದೆ ಅರ ಹಿಡಿದು ನಿಂತವರು. ಹದಿನೆಂಟು ವರ್ಷವೂ ಗುತ್ತಿಗೆಯ ಮೇಲೆ. ವರ್ಷಕ್ಕೊಮ್ಮೆ ಗುತ್ತಿಗೆದಾರ ನಾಲ್ಕು ದಿನ ಮನೆಗೆ ಕಳಿಸಿ, ಹೊಸ ಕಾರ್ಡು ಕೊಟ್ಟು ಮತ್ತೆ ಒಳಗೆ ಬಿಡುತ್ತಿದ್ದ. ಆ ಹಳೆಯ ಕಾರ್ಡುಗಳನ್ನೆಲ್ಲ ಕಾಕಾ ರಬ್ಬರ್ ಹಾಕಿ ಕಟ್ಟಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಿದ್ದರು. ಒಂದೊಂದು ಫೋಟೋದಲ್ಲೂ ಕೂದಲು ಸ್ವಲ್ಪ ಕಡಿಮೆ.

ಮೊದಲ ಬುಧವಾರವೇ ನನ್ನ ಮಾನ ಹರಾಜಾಯಿತು. ಕಾಕಾ ಒಂದು ತುಂಡನ್ನು ನನ್ನ ಕೈಗಿಟ್ಟು, "ಇದು ಬರೋಬ್ಬರಿ ಐತೋ ಇಲ್ಲೋ, ಹೇಳ ನೋಡೂಣು ತಂಗಿ," ಎಂದರು. ನಾನು ಚೀಲದಿಂದ ಅಳೆಯುವ ಮೈಕ್ರೋಮೀಟರ್ ತೆಗೆದೆ.

"ಅದನ್ಯಾಕ ತಗೀತಿ? ಹೆಬ್ಬಟ್ಟ ಇಲ್ಲೇನು ನಿನಗ?"

ಸುತ್ತ ನಿಂತಿದ್ದವರೆಲ್ಲ ನಕ್ಕರು. ನಕ್ಕವರಲ್ಲಿ ನನ್ನ ಶನಿವಾರದ ವಿದ್ಯಾರ್ಥಿಗಳೂ ಇದ್ದರು. ಆಮೇಲೆ ಹಸಿ ತುಂಡೊಂದನ್ನು ಕೊಟ್ಟು ಉಜ್ಜಲು ಹಚ್ಚಿದರು. ಎರಡು ಗಂಟೆ ಉಜ್ಜಿದೆ. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಮುಗಿಸಿ ಕೊಟ್ಟೆ. ಕಾಕಾ ಈಗ ನನ್ನದೇ ಮೈಕ್ರೋಮೀಟರ್ ಇಸಿದುಕೊಂಡು, ಅಳೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಹೇಳಿದರು: "ಒಂದ್ ಗೀಟ ಜಾಸ್ತಿ. ನಿಮ್ಮ ಸಾಲ್ಯಾಗಿನ ರಿವಾಜ ಐತೆಲ್ಲಾ, ಕೊಯ್ಯಿ."

ಕೊಯ್ದೆ. ನನ್ನ ವಿದ್ಯಾರ್ಥಿಗಳ ಎದುರಿಗೇ ಕೊಯ್ದೆ. ನಡುವೆ ಬ್ಲೇಡು ಮುರಿಯಿತು, ಇನ್ನೊಂದು ಹಾಕಿಕೊಂಡು ಕೊಯ್ದೆ. ಹೋಳುಗಳು ಡಬ್ಬಕ್ಕೆ ಬಿದ್ದ ಮೇಲೆ ಚಹಾದ ಹೊತ್ತಿಗೆ ಕಾಕಾ ತೊಡೆ ತಟ್ಟಿಕೊಂಡು ನಗತೊಡಗಿದರು.

"ಏ ತಂಗಿ, ನಿನ್ನ ತುಂಡ ಬರೋಬ್ಬರಿನ ಇತ್ತು! ಕಾಯ್ದಿತ್ತು ಅಷ್ಟ. ಉಜ್ಜಿ ಉಜ್ಜಿ ಕಾಯ್ದ ಕಬ್ಬಣ ಉಬ್ಬತೈತಿ. ಸುಳ್ಳ ಹೇಳತೈತಿ ಅದು. ತಣದ ಮ್ಯಾಲ ಅಳೀಬೇಕು. ಪುಸ್ತಕದಾಗ ಇಲ್ಲೇನು ಇದು?"

ಪುಸ್ತಕದಲ್ಲಿತ್ತು. ಹಿಂದಿನ ಶನಿವಾರ ತಾನೇ ಬೋರ್ಡಿನ ಮೇಲೆ ಸೂತ್ರ ಬರೆದು, ಲೋಹ ಬಿಸಿಯಾದರೆ ಹಿಗ್ಗುತ್ತದೆ ಎಂದು ನಾನೇ ಪಾಠ ಮಾಡಿದ್ದೆ. ನನ್ನ ಕೈಯಲ್ಲಿದ್ದ ತುಂಡೂ ಹಿಗ್ಗಿರಬಹುದು ಅನ್ನುವುದು ಮಾತ್ರ ತಲೆಗೆ ಹೊಳೆದಿರಲಿಲ್ಲ. "ಇನ್ನ ಜಲ್ಮದಾಗ ಮರಿಯೂದಿಲ್ಲ ನೋಡು ನೀ," ಎಂದರು ಕಾಕಾ. ಹೌದು, ಮರೆಯಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಆಮೇಲಿನ ಬುಧವಾರಗಳಲ್ಲಿ ಆ ಮನುಷ್ಯ ನನಗೆ ಕಲಿಸಿದಷ್ಟು ಯಾವ ಕಾಲೇಜೂ ಕಲಿಸಿರಲಿಲ್ಲ. ಅರ ಸಮನಾಗಿ ಕೂತಾಗ ಅದರ ದನಿ ಗಡುಸಾಗಿರುತ್ತದೆ, ಓಲಾಡಿದರೆ ಕಿರುಚುತ್ತದೆ ಎಂದು ಕಿವಿ ಹಿಂಡಿ ಕಲಿಸಿದರು. ಅರದ ಹಲ್ಲಿನಲ್ಲಿ ಪುಡಿ ಸಿಕ್ಕಿಕೊಳ್ಳದಂತೆ ಸೀಮೆಸುಣ್ಣ ತಿಕ್ಕುವುದನ್ನು ತೋರಿಸಿದರು. ಬೈಯುತ್ತಲೇ ಕಲಿಸುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ನಾನೂ ಹೆಬ್ಬೆರಳು ಆಡಿಸಿ ಉಬ್ಬು ತಗ್ಗು ಹೇಳುವಂತಾಗಿದ್ದೆ. ಬೇರೆ ಶಿಕ್ಷಕರು ನನ್ನ ಕೈ ನೋಡಿ ಬೆರಗಾಗುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದರೆ, "ಅಭ್ಯಾಸ," ಎನ್ನುತ್ತಿದ್ದೆ.

ಆ ವರ್ಷವೇ ಕಾರ್ಖಾನೆಯವರು ಒಂದು ಹೊಸ ತೀರ್ಮಾನ ಮಾಡಿದರು. ಗುತ್ತಿಗೆಯವರಲ್ಲಿ ಹಳಬರು ನಮ್ಮ ಕೇಂದ್ರದ ಶನಿವಾರದ ಪಾಠಕ್ಕೆ ಬಂದು ಸರ್ಟಿಫಿಕೇಟು ಪಡೆದರೆ ಪರ್ಮನೆಂಟ್ ಮಾಡುತ್ತೇವೆ, ಆದರೆ ಸರ್ಟಿಫಿಕೇಟು ಕೈಗೆ ಬರುವ ದಿನ ವಯಸ್ಸು ನಲವತ್ತೈದು ತುಂಬಿರಬಾರದು. ಕಾಕಾ ಮೊದಲ ದಿನವೇ ಅರ್ಜಿ ಹಿಡಿದುಕೊಂಡು ಬಂದರು. ಬರೆದುಕೊಟ್ಟವಳು ನಾನೇ. ಹುಟ್ಟಿದ ದಿನ ಕೇಳಿದೆ. ಜೂನ್ ಒಂದು ಎಂದರು. ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಸಾಲಿ ಮಾಸ್ತರರು ಜೂನ್ ಒಂದು ಬರೆದುಬಿಡುತ್ತಿದ್ದರು. ಹಾಗಾಗಿ ಅರ್ಧ ಊರು ಒಂದೇ ದಿನ ಹುಟ್ಟಿರುತ್ತದೆ.

"ನಮ್ಮವ್ವ ಹೇಳತಿದ್ಲು, ನಾ ಸುಗ್ಗಿಯಾಗ ಹುಟ್ಟಿದಾಂವ ಅಂತ. ಯಾರ ಕೇಳತಾರ್ರಿ ಅದನ್ನ? ಬರೋ ಜೂನಕ್ಕ ನಲವತ್ತೈದ ತುಂಬತಾವು. ಪರೀಕ್ಷಾ ಏಪ್ರಿಲದಾಗ ಐತೆಲ್ಲಾ, ಅದಕ್ಕ ಮೊದಲ ದಾಟತೀನಿ ಬಿಡ್ರಿ."

ಪರ್ಮನೆಂಟ್ ಆದರೆ ಏನು ಸಿಗುತ್ತದೆ ಎಂದು ಕೇಳಿದೆ. ಹೆಂಡತಿಗೆ ದವಾಖಾನೆಯ ಕಾರ್ಡು ಸಿಗುತ್ತದೆ ಎಂದರು. ಆಮೇಲೆ, "ಕ್ಯಾಂಟೀನದಾಗ ಕುಂತ ಉಣಬಹುದ್ರಿ," ಎಂದರು. ಗುತ್ತಿಗೆಯವರು ಹೊರಗೆ ಗೋಡೆಯ ಪಕ್ಕ ನಿಂತು ಉಣ್ಣುತ್ತಿದ್ದರು. ಹದಿನೆಂಟು ವರ್ಷ ಗೋಡೆಯ ಪಕ್ಕ ಉಂಡವರು ಅವರು.

ಹೀಗಾಗಿ ಬುಧವಾರ ಅವರು ಗುರು, ನಾನು ತಂಗಿ. ಶನಿವಾರ ನಾನು ಮೇಡಮ್, ಅವರು ರೋಲ್ ನಂಬರ್ ಹತ್ತೊಂಬತ್ತು. ನಾನು ಹಾಗೇ ಕರೆಯುತ್ತಿದ್ದೆ. ಹೆಸರಿಲ್ಲ, ಕಾಕಾ ಇಲ್ಲ, ಬರೀ ಹತ್ತೊಂಬತ್ತು. ಮೊದಲ ಬೆಂಚಿನಲ್ಲಿ ಹದಿನೆಂಟು ವರ್ಷದ ಹುಡುಗ ಹುಡುಗಿಯರ ನಡುವೆ ಮೊಣಕಾಲು ಮಡಚಿ ಕೂರುತ್ತಿದ್ದರು. ಪಾಠವೆಲ್ಲ ಹಿಂದಿಯಲ್ಲಿ. ಮನೆಯಲ್ಲಿ ಮಗಳು ಆ ಹಿಂದಿ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. ಬೆಕ್ಕಿನ ಚಿತ್ರವಿದ್ದ ನೋಟ್‌ಬುಕ್ಕು. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಒಂದೊಂದು ಅಕ್ಷರ ಕೂಡಿಸಿ ಓದಿ, ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಒಂದರ ಹಿಂದೆ ಒಂದು, ನೋಟ್‌ಬುಕ್ಕಿನಲ್ಲಿದ್ದ ಕ್ರಮದಲ್ಲೇ.

ಅದು ನನಗೆ ಗೊತ್ತಾಯಿತು. ಬಾಯಿಪರೀಕ್ಷೆಯ ದಿನ ಮೂರನೆಯ ಪ್ರಶ್ನೆಯನ್ನು ಮೊದಲು ಕೇಳಿದೆ. ಮೈಕ್ರೋಮೀಟರಿನ ಭಾಗಗಳು ಯಾವುವು? ಕಾಕಾ ಎದ್ದು ನಿಂತು, ಶಾಲೆಯ ಮಗುವಿನ ಹಾಗೆ ಕೈಗಳನ್ನು ಬದಿಗೆ ಅಂಟಿಸಿಕೊಂಡು, ಮೊದಲ ಪ್ರಶ್ನೆಯ ಉತ್ತರ ಶುರುಮಾಡಿದರು: ಅರಗಳಲ್ಲಿ ಇಂತಿಂಥ ಬಗೆಗಳು. ಇಡೀ ಕ್ಲಾಸು ಗೊಳ್ಳೆಂದಿತು. ನಾನು ತಡೆಯಲಿಲ್ಲ. ಅವರು ಪೂರ್ತಿ ಹೇಳಿ ಮುಗಿಸುವ ತನಕ ಬಿಟ್ಟೆ. ಆಮೇಲೆ, ಅವರೊಬ್ಬರಿಗೇ ತಿಳಿಯಲಿ ಎಂದು ಕನ್ನಡದಲ್ಲಿ, "ಹದಿನೆಂಟ ವರ್ಷ ಅಲ್ಲಿ ಏನ್ ಕಡದ ಕಟ್ಟಿ ಹಾಕೀರಿ?" ಎಂದೆ. ಕಾಕಾ ನಕ್ಕರು. ಕುಳಿತುಕೊಂಡು ಬೆಕ್ಕಿನ ನೋಟ್‌ಬುಕ್ಕನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಬುಧವಾರ ಅವರು ಒಂದು ಕೊಟ್ಟರೆ ಶನಿವಾರ ನಾನು ಎರಡು ಕೊಡುತ್ತಿದ್ದೆ. ಅವರಿಗೆ ಅದು ಆಟವಾಗಿತ್ತು ಎಂದು ಈಗ ಅನ್ನಿಸುತ್ತದೆ. ನನಗೆ ಆಟವಾಗಿರಲಿಲ್ಲ. ಪರೀಕ್ಷೆಗೆ ಮೂರು ದಿನ ಇರುವಾಗ, ಬುಧವಾರ ಕಾರ್ಖಾನೆಯಲ್ಲಿ, ಹೊಸ ಹುಡುಗರ ಮುಂದೆ ನನ್ನ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕಾಕಾ ಹೇಳಿದರು: "ನೋಡ್ರೋ, ಎಷ್ಟ ಚಂದ ಆಗೇತಿ. ನಿಮ್ಮ ಮೇಡಮ್ಮಗ ಕಲಿಸಿದಾಂವ ನಾ." ಹೆಮ್ಮೆಯಿಂದಲೇ ಹೇಳಿದರು. ಮೆಚ್ಚಿ ಹೇಳಿದರು. ಆದರೆ ಒಬ್ಬ ಹುಡುಗ ನನ್ನ ಕಡೆ ತಿರುಗಿ, "ಸಚ್ಚಿ ಮೇಡಮ್?" ಎಂದು, ನಿಜವೇ ಎನ್ನುವ ಹಾಗೆ, ಹಲ್ಲು ಕಿರಿದ. ನನ್ನ ಕಿವಿ ಸುಟ್ಟಿತು. ಕೈ ತೊಳೆದುಕೊಂಡು ಹೊರಟುಬಂದೆ.

ಪರೀಕ್ಷೆಯ ಶನಿವಾರ. ಏಪ್ರಿಲ್ ಸೆಕೆ, ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಬೆಳಗಿನ ಬರವಣಿಗೆಯ ಪರೀಕ್ಷೆಯಲ್ಲಿ ಕಾಕಾ ಹೇಗೋ ದಡ ಮುಟ್ಟಿದರು. ಕನ್ನಡದಲ್ಲೂ ಬರೆಯಬಹುದು ಎಂದು ಕೇಂದ್ರದವರು ಕೊನೆಗೆ ಒಪ್ಪಿದ್ದರು. ಮಧ್ಯಾಹ್ನ ಕೈಕೆಲಸ. ಅದರಲ್ಲಿ ಅವರಿಗೆ ಸಾಟಿ ಯಾರು? ಕೊಟ್ಟದ್ದು ಮೂರು ಗಂಟೆ. ಹೇಳಿದ ಅಗಲಕ್ಕಿಂತ ಎರಡು ಗೀಟು ಹೆಚ್ಚು ಅಥವಾ ಕಡಿಮೆ ಇದ್ದರೆ ನಡೆಯುತ್ತದೆ, ಮೂರು ಗೀಟಾದರೆ ಫೇಲು. ಗೀಟೆಂದರೆ ಮೈಕ್ರೋಮೀಟರಿನ ಮೇಲಿನ ಒಂದು ಗೆರೆ, ತಲೆಗೂದಲನ್ನು ಏಳು ಸೀಳು ಸೀಳಿದರೆ ಅದರಲ್ಲಿ ಒಂದು ಸೀಳು.

ಕಾಕಾ ಅರ್ಧ ಕೆಲಸ ಮಾಡುವ ಹೊತ್ತಿಗೆ ಪಕ್ಕದ ವೈಸಿನಲ್ಲಿದ್ದ ಹುಡುಗಿ ಅಳಲು ಶುರುಮಾಡಿದಳು. ಅವಳ ಅರದ ಹಲ್ಲೆಲ್ಲ ಪುಡಿ ತುಂಬಿ ತುಂಡಿನ ಮೇಲೆ ಗೀರು ಎಳೆಯುತ್ತಿತ್ತು. ಕಾಕಾ ತಮ್ಮ ಕೆಲಸ ಬಿಟ್ಟು ಅವಳ ಅರ ತೆಗೆದುಕೊಂಡು, ಬ್ರಷ್ ಹಾಕಿ ತಿಕ್ಕಿ, ಸೀಮೆಸುಣ್ಣ ಹಚ್ಚಿ, ಹೇಗೆ ಹಿಡಿಯಬೇಕೆಂದು ತೋರಿಸಿ, ಕಣ್ಣೊರೆಸಿಕೋ ಎಂದು ಗದರಿ ಬಂದರು. ಇಪ್ಪತ್ತು ನಿಮಿಷ ಹೋಯಿತು. ಪರೀಕ್ಷೆಯಲ್ಲಿ ಮಾತಾಡಬಾರದು ಎಂದು ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಗಡಿಯಾರ ನೋಡುತ್ತ ಕೂತಿದ್ದೆ.

ಕೊನೆಯ ಅರ್ಧ ಗಂಟೆ ಕಾಕಾ ಒಂದೇ ಸಮ ಉಜ್ಜಿದರು. ಉಸಿರು ಬಿಡಲೂ ನಿಲ್ಲಲಿಲ್ಲ. ಗಂಟೆ ಬಾರಿಸಿದಾಗ ತುಂಡನ್ನು ಬಟ್ಟೆಯಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲೆ ಇಟ್ಟರು. ನಾನು ಎತ್ತಿಕೊಂಡೆ. ಆಗಷ್ಟೇ ಇಳಿಸಿದ ಚಹಾದ ಗ್ಲಾಸಿನಷ್ಟು ಬಿಸಿ ಇತ್ತು.

"ಐದ ನಿಮಿಷ ತಡೀರಿ ಮೇಡಮ್," ಎಂದರು. "ಕಾಯ್ದೈತಿ."

ನಾನು ಮೈಕ್ರೋಮೀಟರ್ ತೆಗೆದೆ.

ಪರೀಕ್ಷೆಗೆಂದು ಕಾರ್ಖಾನೆಯಿಂದ ಬಂದಿದ್ದ ಸೂಪರ್‌ವೈಸರ್ ಪಕ್ಕದಲ್ಲಿ ವಡಾ ಪಾವ್ ತಿನ್ನುತ್ತಿದ್ದರು. "ಥಂಡಾ ಹೋನೇ ದೇನಾ ಹೈ ಕ್ಯಾ?" ಎಂದು ಕೇಳಿದರು. ತಣಿಯಲು ಬಿಡಬೇಕೆಂಬುದು ಅವರಿಗೂ ಗೊತ್ತಿತ್ತು.

"ಟೈಮ್ ಖತಮ್. ರೂಲ್ ಮೇ ಐಸಾ ಕುಛ್ ನಹೀ ಹೈ," ಎಂದೆ. ಹೊತ್ತು ಮುಗಿದ ಮೇಲೆ ತಣಿಯಲು ಕಾಯುವ ರೂಲು ಇಲ್ಲವಂತೆ. ಆ ರೂಲು ಅಲ್ಲಿ ನಾನೇ. ಮೊದಲೇ ಮುಗಿಸಿದ್ದವರ ತುಂಡುಗಳು ಸಾಲಾಗಿ ಮೇಜಿನ ಮೇಲೆ ತಣ್ಣಗೆ ಬಿದ್ದುಕೊಂಡಿದ್ದವು. ಅವನ್ನು ಬಿಟ್ಟು ಹತ್ತೊಂಬತ್ತನ್ನೇ ಮೊದಲು ಅಳೆದೆ. ಮೂರು ಗೀಟು ಹೆಚ್ಚು.

ಕಾಕಾ ನನ್ನ ಮುಖ ನೋಡಿದರು. ಮೊದಲು ನಕ್ಕರು, ಆ ಮೊದಲ ಬುಧವಾರದ ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ಈಗ ನಗುತ್ತಾಳೆ, ಆಮೇಲೆ ತಣಿದ ಮೇಲೆ ಅಳೆಯುತ್ತಾಳೆ ಎಂದುಕೊಂಡು. ನಾನು ಕಾಗದದ ಮೇಲೆ ಹತ್ತೊಂಬತ್ತರ ಮುಂದೆ ಫೇಲು ಎಂದು ಬರೆದೆ. ಆಗ ಅವರ ನಗು ನಿಂತಿತು.

"ಜೂನ್ ಬಂತಲ್ರಿ ಮೇಡಮ್," ಎಂದರು, ಸಣ್ಣ ದನಿಯಲ್ಲಿ.

"ಕೊಯ್ಯಿರಿ," ಎಂದೆ.

ಅವರು ಕೊಯ್ದರು. ನನ್ನ ಹಾಗೆ ಬ್ಲೇಡು ಮುರಿಯಲಿಲ್ಲ. ನೆಟ್ಟಗೆ, ಗೆರೆ ಎಳೆದ ಹಾಗೆ, ಒಂದೇ ಲಯದಲ್ಲಿ ಕೊಯ್ದರು. ಅಷ್ಟು ಅಚ್ಚುಕಟ್ಟಾಗಿ ಭಂಗಾರಕ್ಕೆ ಹೋಗುವುದನ್ನು ಯಾರೂ ಕೊಯ್ಯುವುದಿಲ್ಲ. ಅಷ್ಟರಲ್ಲಿ ನಾನು ಉಳಿದವರ ತುಂಡುಗಳನ್ನು ಅಳೆದೆ. ಅರ ಸರಿಮಾಡಿಸಿಕೊಂಡಿದ್ದ ಹುಡುಗಿ ಪಾಸಾಗಿದ್ದಳು. ಅವಳು ಬಾಗಿಲ ಹತ್ತಿರ ನಿಂತು ಎಲ್ಲ ನೋಡುತ್ತಿದ್ದಳು. ನಾನು ಗದರಿ ಹೊರಗೆ ಕಳಿಸಿದೆ.

ಸೋಮವಾರ ಬೆಳಿಗ್ಗೆ ಯಾರೂ ಬರುವ ಮುಂಚೆ ಕೇಂದ್ರಕ್ಕೆ ಹೋಗಿ ಡಬ್ಬ ಕೆದಕಿದೆ. ಅವರು ನೆಟ್ಟಗೆ ಕೊಯ್ದ ಒಂದು ಹೋಳು ಸಿಕ್ಕಿತು. ಕೊಯ್ದರೂ ಅಗಲ ಹಾಗೇ ಇರುತ್ತದಲ್ಲ. ತಣ್ಣಗಿತ್ತು. ಅಳೆದೆ. ಗೆರೆಗೆ ಗೆರೆ ಕೂತಿತು. ಎರಡು ಗೀಟು ಬೇಡ, ಅರ್ಧ ಗೀಟೂ ಹೆಚ್ಚುಕಡಿಮೆ ಇರಲಿಲ್ಲ. ಅಂಕಪಟ್ಟಿ ಇನ್ನೂ ನನ್ನ ಡ್ರಾಯರಿನಲ್ಲೇ ಇತ್ತು, ಮಂಗಳವಾರ ಆಫೀಸಿಗೆ ಹೋಗಬೇಕಿತ್ತು. ತಿದ್ದಲು ಒಂದು ಇಡೀ ದಿನ ಇತ್ತು. ಹೋಳನ್ನು ಡಬ್ಬಕ್ಕೆ ಹಾಕಿ ಮೇಲೆ ಬೇರೆ ಭಂಗಾರ ಎಳೆದು ಮುಚ್ಚಿದೆ. ಮಂಗಳವಾರ ಪಟ್ಟಿ ಹೋಯಿತು.

ಯಾಕೆ ತಿದ್ದಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತಿದ್ದಿದರೆ ತಪ್ಪಾಯಿತು ಎಂದು ಒಪ್ಪಬೇಕಾಗುತ್ತಿತ್ತು, ಅದೂ ಅವರ ಮುಂದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ಥೂ ಎಂದು ಉಗಿಯುವವರು ಉಗಿಯಬಹುದು.

ಜೂನ್ ಒಂದು ಬಂತು, ಹೋಯಿತು. ಮರುಪರೀಕ್ಷೆ ಅಕ್ಟೋಬರಿನಲ್ಲಿ. ಕಾಕಾ ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಮೂರು ಗಂಟೆಯ ಕೆಲಸವನ್ನು ಎರಡು ಗಂಟೆಯಲ್ಲಿ ಮುಗಿಸಿ, ತುಂಡನ್ನು ಮೇಜಿನ ಮೇಲಿಟ್ಟು, ಗೋಡೆಗೊರಗಿ ನಿಂತರು. ಒಂದು ತಾಸು ನಿಂತೇ ಇದ್ದರು. ನಾನು ಕೊನೆಯಲ್ಲಿ ಅಳೆದೆ. ಗೆರೆಗೆ ಗೆರೆ. ಆ ಸಲದ ಎಲ್ಲರಿಗಿಂತ ಹೆಚ್ಚು ಅಂಕ ಅವರದೇ. ಕಾರ್ಖಾನೆಯವರು ಅಭಿನಂದನೆ ಹೇಳಿ, ವಯಸ್ಸಿನ ನಿಯಮ ತೋರಿಸಿ, ಗುತ್ತಿಗೆದಾರನ ಹೊಸ ಕಾರ್ಡು ಕೊಟ್ಟರು. ಹತ್ತೊಂಬತ್ತನೆಯ ಕಾರ್ಡು.

ಸರ್ಟಿಫಿಕೇಟು ತೆಗೆದುಕೊಳ್ಳಲು ಬಂದ ದಿನ ಕಾಕಾ ಪೇಢೆ ತಂದಿದ್ದರು. ಆಫೀಸಿನವರಿಗೆ, ಕಸ ಗುಡಿಸುವವರಿಗೆ, ಹೊಸ ವಿದ್ಯಾರ್ಥಿಗಳಿಗೆ ಹಂಚಿ ಕೊನೆಗೆ ನನ್ನ ಮೇಜಿಗೆ ಬಂದರು. ನಾನು ಒಂದು ತೆಗೆದು ಬಾಯಿಗೆ ಹಾಕಿಕೊಂಡೆ, ಮಾತಾಡಬೇಕಾಗಬಾರದೆಂದು. ನನ್ನ ತಲೆಯ ಮೇಲೆ ಗೋಡೆಯಲ್ಲಿ ಒಂದು ಹೊಸ ಬೋರ್ಡಿತ್ತು. ಆ ಮಳೆಗಾಲದಲ್ಲಿ ನಾನೇ ಹಿಂದಿಯಲ್ಲಿ ಬರೆಸಿ ಹಾಕಿಸಿದ್ದು. ಕೆಳಗೆ ನನ್ನ ಹೆಸರೂ ಇತ್ತು. ಕಾಕಾ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಹಿಂದಿ ಅಕ್ಷರ ಅವರು ಕಲಿತದ್ದು ನನ್ನ ಕ್ಲಾಸಿನಲ್ಲೇ. ತುಂಡು ಪೂರ್ತಿ ತಣಿದ ಮೇಲೆಯೇ ಅಳೆಯಬೇಕು ಎಂದು ಅದರಲ್ಲಿತ್ತು.

ಓದಿ ಮುಗಿಸಿ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ನಾಲ್ಕು ಮಾತು ಆಡುತ್ತಿದ್ದೆ.

"ಏಪ್ರಿಲದಾಗ ಕಾಯ್ದಿತ್ತಲಾ ತಂಗಿ," ಎಂದರು. ಕೇಂದ್ರದ ಒಳಗೆ ಅವರು ನನ್ನನ್ನು ತಂಗಿ ಎಂದದ್ದು ಅದೊಂದೇ ಸಲ. "ನಿನಗ ಗೊತ್ತಿತ್ತು."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವರು ಕೇಳುತ್ತಿದ್ದದ್ದು ಅಷ್ಟೇ. ಪರ್ಮನೆಂಟ್ ಕೇಳಲಿಲ್ಲ, ಕ್ಷಮೆ ಕೇಳು ಎನ್ನಲಿಲ್ಲ. ಹೊಸ ವಿದ್ಯಾರ್ಥಿಗಳು ಪೇಢೆ ತಿನ್ನುತ್ತ ನಮ್ಮನ್ನೇ ನೋಡುತ್ತಿದ್ದರು. ಬಾಯಲ್ಲಿದ್ದುದನ್ನು ನುಂಗಿ, "ಇಲ್ಲ. ಆಗ ನನಗ ಗೊತ್ತಿರಲಿಲ್ಲ," ಎಂದೆ.

ಕಾಕಾ ತಲೆಯಾಡಿಸಿದರು. ಸರ್ಟಿಫಿಕೇಟನ್ನು ಕಾರ್ಡುಗಳ ಕಟ್ಟಿನ ಜೊತೆ ಊಟದ ಚೀಲದೊಳಗೆ ಇಳಿಸಿದರು.

"ಹಂಗಾರ ನಾ ನಿನಗ ಏನೂ ಕಲಿಸೇ ಇಲ್ಲ ಬಿಡು," ಎಂದು ಖಾಲಿ ಡಬ್ಬಿ ಮುಚ್ಚಿಕೊಂಡು ಹೋದರು.

ಮುಂದಿನ ಬುಧವಾರ ನಾನು ಕಾರ್ಖಾನೆಗೆ ಹೋದಾಗ ಅವರು ಮೇಜಿನ ಮುಂದೆ ಎಂದಿನಂತೆ ನಿಂತಿದ್ದರು. ನನ್ನ ವೈಸಿನ ಮುಂದೆ ತುಂಡು, ಅರ, ಸೀಮೆಸುಣ್ಣ ಎಲ್ಲ ಇಟ್ಟಿದ್ದರು. "ಮಾಡ್ರಿ ಮೇಡಮ್," ಎಂದು ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಆಮೇಲೆ ಯಾವ ಬುಧವಾರವೂ ಅವರು ನನ್ನ ತುಂಡಿನ ಮೇಲೆ ಹೆಬ್ಬೆರಳು ಇಡಲಿಲ್ಲ.